ಒಂದು ಚಿತ್ರ, ಎರಡು ತೋಡಿ: ಸಣ್ಣ ಮ್ಯೂಸಿಯಂ ಒಂದರಲ್ಲಿ ಸಂಗೀತದ ಪ್ರಯೋಗ

ಇದು ಮಧ್ಯ ಕರ್ನಾಟಕದ ಒಂದು ಸಣ್ಣ ಮ್ಯೂಸಿಯಂನಲ್ಲಿ ನಡೆದ ಕೆಲಸದ ಕಥೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳು, ಎಡವಿದ ಜಾಗಗಳು ಮಾತ್ರ ಹೇಗಿದ್ದವೋ ಹಾಗೇ ಇವೆ. ಚಿತ್ರಗಳ ಮುಂದೆ ಸಂಗೀತ ಇಡಬೇಕು ಅಂತ ಯೋಚಿಸುತ್ತಿರುವ ಬೇರೆಯವರಿಗೆ ನಮ್ಮ ಅನುಭವ ಕೆಲಸಕ್ಕೆ ಬರಲಿ.

ಹಿನ್ನೆಲೆ

ಮ್ಯೂಸಿಯಂ ಇರುವುದು ಹಳೆಯ ಕಟ್ಟಡದಲ್ಲಿ. ಕೆಳಗೆ ಶಾಸನ, ವೀರಗಲ್ಲು, ನಾಣ್ಯ. ಶಾಲೆಯ ಮಕ್ಕಳು ಬಂದರೆ ಹೆಚ್ಚಿನ ಹೊತ್ತು ಅಲ್ಲೇ ಕಳೆಯುತ್ತಾರೆ. ಕತ್ತಿ ಹಿಡಿದ ವೀರ, ಅವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಸೂರ್ಯ ಚಂದ್ರ. ಕಥೆ ಕಲ್ಲಿನಲ್ಲೇ ಇದೆ. ಮಹಡಿಯ ಮೇಲೆ ಒಂದು ಚಿಕ್ಕ ಕೋಣೆ. ಅಲ್ಲಿ ಏಳು ರಾಗಮಾಲಾ ಚಿತ್ರಗಳು. ಹಳೆಯ ಮನೆತನವೊಂದು ಕೊಟ್ಟದ್ದು. 18ನೇ ಶತಮಾನದ ದಖ್ಖನಿ ಕೈ, ಅಂದರೆ ದಖ್ಖನ್ ಕಡೆಯ ಚಿತ್ರಶೈಲಿ, ಅಂತ ದಾಖಲೆ ಪುಸ್ತಕದಲ್ಲಿ ಬರೆದಿದೆ. ಒಂದೊಂದು ಚಿತ್ರವೂ ನೋಟ್‌ಬುಕ್ಕಿನ ಹಾಳೆಗಿಂತ ದೊಡ್ಡದಿಲ್ಲ.

ರಾಗಮಾಲಾ ಅಂದರೆ ರಾಗಗಳಿಗೆ ಮನುಷ್ಯರೂಪ ಕೊಟ್ಟು ಬರೆದ ಚಿತ್ರಗಳ ಸರಣಿ. ಆರು ರಾಗ, ಒಂದೊಂದಕ್ಕೆ ಐದು ರಾಗಿಣಿ (ರಾಗದ ಹೆಂಡತಿಯರು), ಒಟ್ಟು 36 ಚಿತ್ರ ಅನ್ನೋದು ಜಾಸ್ತಿ ಬಳಕೆಯಲ್ಲಿದ್ದ ಲೆಕ್ಕ. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಕಾರರು ರಾಗಪುತ್ರರನ್ನೂ ಸೇರಿಸಿ 84ರವರೆಗೆ ಹೋದರು. ಈ ಚಿತ್ರಗಳಿಗೆ ಆಧಾರ ರಾಗದ ರೂಪವನ್ನು ಬಣ್ಣಿಸುವ ಧ್ಯಾನಶ್ಲೋಕಗಳು. ತೋಡಿ ಅನ್ನೋ ರಾಗಿಣಿಯ ಶ್ಲೋಕ ಹೇಳುವುದು ಹೀಗೆ: ಹಿಮದಂತೆ, ಮೊಲ್ಲೆಯಂತೆ ಬೆಳ್ಳಗಿರುವ ಮೈ, ಅದಕ್ಕೆ ಕೇಸರಿ ಕರ್ಪೂರದ ಲೇಪ, ಕೈಯಲ್ಲಿ ವೀಣೆ, ಕಾಡಿನಲ್ಲಿ ಜಿಂಕೆಗೆ ಖುಷಿ ಕೊಡುತ್ತ ನಿಂತಿದ್ದಾಳೆ. ಚಿತ್ರಕಾರ ಇದನ್ನು ಓದಿಯೋ ಕೇಳಿಯೋ ಚಿತ್ರ ಬರೆಯುತ್ತಿದ್ದ.

ಇದೆಲ್ಲ ಉತ್ತರದ ಕಡೆಯ ವಿಷಯ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಆದರೆ ಶಿವಗಂಗೆ ಬೆಟ್ಟದ ಹತ್ತಿರದ ಊರಿನಿಂದ ಹೊರಟ ಸಂಗೀತ ಶಾಸ್ತ್ರಕಾರ ಪುಂಡರೀಕ ವಿಠ್ಠಲ 16ನೇ ಶತಮಾನದಲ್ಲಿ ಉತ್ತರಕ್ಕೆ ಹೋಗಿ ‘ರಾಗಮಾಲಾ’ ಅನ್ನೋ ಹೆಸರಿನ ಗ್ರಂಥವನ್ನೇ ಬರೆದ. ಬಿಜಾಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ ತಾನೇ ಹಾಡುಗಳನ್ನು ಕಟ್ಟಿ, ‘ಕಿತಾಬ್-ಎ-ನೌರಸ್’ನಲ್ಲಿ ರಾಗಗಳ ಹೆಸರಿನ ಅಡಿ ಜೋಡಿಸಿಟ್ಟ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಇನ್ನೂ ಹತ್ತಿರದ ಕಾಲಕ್ಕೆ ಬಂದರೆ ನಮ್ಮ ಕೆ. ವೆಂಕಟಪ್ಪನವರಿದ್ದಾರೆ. ಅಷ್ಟು ದೊಡ್ಡ ಚಿತ್ರಕಾರರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯೋಕೆ ಕೂತರು. ಕುಂಚ ಮತ್ತು ತಂತಿಯ ನೆಂಟಸ್ತನ ನಮ್ಮ ನೆಲಕ್ಕೆ ಹೊಸದಲ್ಲ. ಇಷ್ಟು ಹೇಳಿದ್ದು ಯಾಕೆಂದರೆ, ಈ ಪ್ರಯೋಗದ ಬಗ್ಗೆ ಮೊದಲು ಮಾತೆತ್ತಿದಾಗ ‘ಇದು ವಿದೇಶದ ಗೀಳು’ ಅಂತ ಸಮಿತಿಯಲ್ಲಿ ಒಬ್ಬರು ಅಂದಿದ್ದರು.

ಸಮಸ್ಯೆ

ಮಹಡಿಯ ಕೋಣೆಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅಂತ ಮ್ಯೂಸಿಯಂಗಳು ಪಾಲಿಸುವ ಮಿತಿಯೊಂದಿದೆ. ಬಣ್ಣ ಮಾಸುತ್ತದೆ, ಅದಕ್ಕೆ. ಹಾಗಾಗಿ ಕೋಣೆ ಮಬ್ಬು. ಹೊರಗಿನ ಬಿಸಿಲಿನಿಂದ ಬಂದವರಿಗೆ ಕಣ್ಣು ಹೊಂದಿಕೊಳ್ಳೋಕೇ ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಅವರು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿರುತ್ತಿದ್ದರು.

ಇದು ಸಣ್ಣ ಊರಿನ ಜನರ ತಪ್ಪು ಅಂತ ನಾನು ಯಾವತ್ತೂ ಒಪ್ಪಲಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಸರಾಂತ ಕೃತಿಯೊಂದರ ಮುಂದೆ ಜನ ನಿಂತ ಸರಾಸರಿ ಹೊತ್ತು ಸುಮಾರು 27 ಸೆಕೆಂಡು. ಅರ್ಧದಷ್ಟು ಜನ 17 ಸೆಕೆಂಡಿಗಿಂತ ಜಾಸ್ತಿ ನಿಂತಿರಲಿಲ್ಲ. ಲೋಕದ ದೊಡ್ಡ ಮ್ಯೂಸಿಯಂನಲ್ಲೇ ಹೀಗಿದ್ದರೆ, ಅಂಗೈಯಗಲದ ಚಿತ್ರಕ್ಕೆ ನಮ್ಮಲ್ಲಿ ಎಷ್ಟು ಹೊತ್ತು ಸಿಗಬೇಕು?

ನಮ್ಮ ಕ್ಯುರೇಟರ್ ಮೇಡಂಗೆ ಇದಕ್ಕಿಂತ ಚುಚ್ಚಿದ್ದು ಇನ್ನೊಂದು ಸಂಗತಿ. ರಾಗದ ಚಿತ್ರ ಅಂತ ಬೋರ್ಡಿನಲ್ಲಿ ಬರೆದಿದೆ. ಆದರೆ ಕೋಣೆಯಲ್ಲಿ ಒಂದು ಸ್ವರ ಇಲ್ಲ. ‘ಅಡುಗೆ ಪುಸ್ತಕ ತೋರಿಸಿ ಊಟ ಆಯ್ತಾ ಅಂತ ಕೇಳಿದ ಹಾಗಿದೆ’ ಅಂದರು ಅವರು. ನನ್ನನ್ನು ಕರೆಸಿದ್ದು ಅದಕ್ಕೇ. ನೋಡೋಕೆ ಬರುವವರಿಗಾಗಿ ಕಾರ್ಯಕ್ರಮ ರೂಪಿಸೋದು ನನ್ನ ಕೆಲಸ.

ಮೊದಲ ಎರಡು ಪ್ರಯತ್ನಗಳು

ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದು. ಕೋಣೆಯ ಮೂಲೆಯಲ್ಲಿ ಸ್ಪೀಕರ್ ಇಟ್ಟು ದಿನವಿಡೀ ಸಣ್ಣಗೆ ವೀಣೆ ಹಾಕಿದೆವು. ಮೂರನೇ ವಾರಕ್ಕೆ ಬಿಟ್ಟೆವು. ಜನ ಇನ್ನೂ ಬೇಗ ಹೋಗುತ್ತಿದ್ದರು. ಯಾಕೆ ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅಟೆಂಡರ್ ಒಬ್ಬರು ಹೇಳಿದರು: ‘ಸರ್, ಇದು ಹೋಟೆಲ್ ಥರ ಆಯ್ತು. ಹಾಡು ಇದೆ ಅಂತ ಗೊತ್ತಾಗುತ್ತೆ, ಕೇಳೋದು ಯಾರೂ ಇಲ್ಲ.’ ಸರಿಯಾದ ಮಾತು. ಏಳು ಚಿತ್ರಕ್ಕೂ ಒಂದೇ ಹಾಡು ಅಂದರೆ ಯಾವ ಚಿತ್ರಕ್ಕೂ ಅಲ್ಲ ಅಂತಲೇ ಅರ್ಥ.

ಎರಡನೆಯದು ಕ್ಯೂಆರ್ ಕೋಡ್. ಚಿತ್ರದ ಪಕ್ಕ ಒಂದೊಂದು ಅಂಟಿಸಿದೆವು. ಸ್ಕ್ಯಾನ್ ಮಾಡಿ ಇಯರ್‌ಫೋನ್ ಹಾಕಿಕೊಂಡರೆ ಆಯಾ ರಾಗ. ಆದರೆ ಹಾಡು ತೆರೆದುಕೊಂಡ ಮೇಲೂ ಜನ ಫೋನನ್ನೇ ನೋಡುತ್ತಿದ್ದರು. ಎಷ್ಟು ನಿಮಿಷ ಉಳಿದಿದೆ ಅನ್ನೋ ಗೆರೆ ಅಲ್ಲಿ ಓಡುತ್ತಿರುತ್ತೆ, ಕಣ್ಣು ಅದಕ್ಕೇ ಅಂಟುತ್ತೆ. ಜೊತೆಯಲ್ಲಿ ಬಂದ ಗಂಡ ಹೆಂಡತಿ, ಸ್ನೇಹಿತರು ಬೇರೆ ಬೇರೆ ಆಗಿಬಿಡುತ್ತಿದ್ದರು. ಮಾತೇ ನಿಂತುಹೋಯಿತು. ಹಳ್ಳಿಯಿಂದ ಬಂದ ವಯಸ್ಸಾದವರಂತೂ ಕೋಡ್ ನೋಡಿ ‘ಇದು ದುಡ್ಡು ಕೊಡೋದಾ?’ ಅಂತ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯಲ್ಲಿ ಅದನ್ನು ನೋಡಿರೋದು ಅದಕ್ಕೇ ಅಲ್ವಾ?

ಇದೇ ಹೊತ್ತಿಗೆ ಒಂದು ಹೊರಗಿನ ಉದಾಹರಣೆಯನ್ನೂ ಚರ್ಚಿಸಿದೆವು. ಲಂಡನ್ನಿನ ನ್ಯಾಷನಲ್ ಗ್ಯಾಲರಿ 2015ರಲ್ಲಿ ಆರು ಚಿತ್ರಗಳಿಗೆ ಸಂಗೀತಗಾರರಿಂದ, ಧ್ವನಿ ಕಲಾವಿದರಿಂದ ಹೊಸದಾಗಿ ಧ್ವನಿ ಮಾಡಿಸಿ, ಕತ್ತಲ ಕೋಣೆಗಳಲ್ಲಿ ಒಂದೊಂದೇ ಚಿತ್ರ ಇಟ್ಟು ತೋರಿಸಿತ್ತು. ಮೆಚ್ಚಿದವರಿದ್ದರು. ಚಿತ್ರಕ್ಕೆ ಇದು ಬೇಕಿರಲಿಲ್ಲ ಅಂತ ಕಟುವಾಗಿ ಬರೆದ ವಿಮರ್ಶಕರೂ ಇದ್ದರು. ನಮ್ಮ ಪರಿಸ್ಥಿತಿ ಬೇರೆ. ಅಲ್ಲಿ ಚಿತ್ರಕ್ಕೆ ಹೊರಗಿನಿಂದ ಸಂಗೀತ ತರಬೇಕಿತ್ತು. ನಮ್ಮ ಚಿತ್ರಗಳ ಹೆಸರೇ ರಾಗ. ಆದರೂ ಅವರಿಂದ ಒಂದನ್ನು ಎತ್ತಿಕೊಂಡೆವು: ಒಂದು ಸಲಕ್ಕೆ ಒಂದೇ ಚಿತ್ರ.

ಮೂರನೇ ಪ್ರಯತ್ನ

ಶನಿವಾರ ಬೆಳಿಗ್ಗೆ 11 ಗಂಟೆಗೆ ಒಬ್ಬ ಗಾಯಕಿ ಬಂದು ತೋಡಿ ಚಿತ್ರದ ಪಕ್ಕ ಕೂತು ಹಾಡೋದು ಅಂತ ತೀರ್ಮಾನವಾಯಿತು. ಹೊತ್ತು ಬೇಕೆಂದೇ ಆರಿಸಿದ್ದು. ಹಿಂದೂಸ್ತಾನಿ ಪದ್ಧತಿಯಲ್ಲಿ ತೋಡಿ ಹಗಲಿನ ಎರಡನೇ ಜಾವದ, ಅಂದರೆ ಮಧ್ಯಾಹ್ನಕ್ಕೆ ಮುಂಚಿನ ಹೊತ್ತಿನ ರಾಗ. ಗಾಯಕಿ ಅದೇ ಊರಿನಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಕಲಿಸುವವರು. ಸಮಿತಿಯಲ್ಲಿ ‘ಸೇವೆ ಅಂತ ಬಂದು ಹಾಡಲಿ’ ಅನ್ನೋ ಮಾತು ಬಂತು. ಕ್ಯುರೇಟರ್ ಮೇಡಂ ಒಪ್ಪಲಿಲ್ಲ. ಗಾಜಿನ ಕೆಲಸದವನಿಗೆ ಕೂಲಿ ಕೊಡುತ್ತೇವೆ, ಹಾಡುವವರಿಗೆ ಯಾಕಿಲ್ಲ ಅಂತ ಕೇಳಿದರು. ಸಂಭಾವನೆ ಗೊತ್ತಾಯಿತು. ನನ್ನ ಮಟ್ಟಿಗೆ ಇಡೀ ಕೆಲಸ ಒಂದು ಹದಕ್ಕೆ ಬಂದದ್ದು ಅಲ್ಲಿಂದ. ದುಡ್ಡು ಪಡೆದು ಬರುವವರ ಹತ್ತಿರ ‘ಇದು ಸರಿಯಾಗಲಿಲ್ಲ, ಬೇರೆ ಥರ ಮಾಡೋಣ’ ಅಂತ ಹೇಳೋಕೆ ಆಗುತ್ತೆ. ಉಪಕಾರಕ್ಕೆ ಬಂದವರಿಗೆ ಹೇಗೆ ಹೇಳೋದು?

ಮೊದಲ ಶನಿವಾರ ಹದಿನೈದಿಪ್ಪತ್ತು ಜನ ನೆಲಕ್ಕೆ ಹಾಸಿದ ಜಮಖಾನದ ಮೇಲೆ ಕೂತಿದ್ದರು. ಆಕೆ ತುಂಬ ಚೆನ್ನಾಗಿ ಹಾಡಿದರು. ಆಲಾಪ ಶುರುವಾಗಿ ಎರಡು ನಿಮಿಷಕ್ಕೆ ನಾನು ಸುತ್ತ ನೋಡಿದೆ. ಮುಕ್ಕಾಲು ಪಾಲು ಜನ ಕಣ್ಣು ಮುಚ್ಚಿದ್ದರು.

ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮಲ್ಲಿ ಸಂಗೀತ ಕೇಳೋದು ಹಾಗೇ. ಒಳ್ಳೆಯ ಸ್ವರ ಬಿದ್ದರೆ ಕಣ್ಣು ತಾನಾಗಿ ಮುಚ್ಚುತ್ತೆ, ತಲೆ ತೂಗುತ್ತೆ. ಹಾಡು ಚೆನ್ನಾಗಿದ್ದಷ್ಟೂ ಚಿತ್ರ ದೂರವಾಗುತ್ತಿತ್ತು. ಅಟೆಂಡರ್ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ‘ಹಾಡು ಕೇಳ್ತಾರೆ, ಪಟ ನೋಡಲ್ಲ’ ಅಂತ ಆಮೇಲೆ ಹೇಳಿದ್ದೂ ಅವರೇ.

ದಾರಿ ಸಿಕ್ಕಿದ್ದು ಎರಡನೇ ಶನಿವಾರ, ನಾವು ಯೋಚಿಸದೇ. ಹಾಡಿನ ನಡುವೆ ತಂಬೂರಿಯ ಒಂದು ತಂತಿ ಇಳಿಯಿತು. ಗಾಯಕಿ ನಿಲ್ಲಿಸಿದರು. ಬಿರಡೆ ತಿರುಗಿಸಿ, ಮಣಿ ಸ್ವಲ್ಪ ಕೆಳಗೆ ಜಾರಿಸಿ, ತಂತಿ ಹೊರುವ ಕುದುರೆಯ ಮೇಲಿನ ನೂಲನ್ನು ಉಗುರಿನಿಂದ ಆ ಕಡೆ ಈ ಕಡೆ ಸರಿಸಿ, ತಂತಿಯ ನಾದ ತುಂಬಿಕೊಳ್ಳುವವರೆಗೆ ಕಿವಿಗೊಟ್ಟು ಕೂತರು. ಸುಮಾರು ಎರಡು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದವರು ಕಣ್ಣು ತೆರೆದರು. ಎದುರಿಗೆ ಚಿತ್ರ ಇತ್ತು. ಬೇರೇನೂ ಇರಲಿಲ್ಲ. ಮುಂದಿನ ಸಾಲಿನ ಇಬ್ಬರು ಎದ್ದು ಹತ್ತಿರ ಹೋದರು. ಯಾರೂ ಮಾತಾಡಲಿಲ್ಲ. ಕಿವಿಯಲ್ಲಿ ತೋಡಿ ಇನ್ನೂ ಉಳಿದಿತ್ತು, ಕಣ್ಣು ಖಾಲಿ ಇತ್ತು.

ಆಗ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ. ಹಸಿರು ಹೊಲದಂಥ ನೆಲ. ನಡುವೆ ಒಬ್ಬ ಹೆಂಗಸು, ಎರಡು ಸೋರೆ ಬುರುಡೆಯ ವೀಣೆ, ಒಂದು ಬುರುಡೆ ಎಡ ಹೆಗಲ ಮೇಲೆ. ಎಡಗಡೆ ಎರಡು ಕಂದು ಜಿಂಕೆ, ಬಲಗಡೆ ತಿರುಚಿದ ಕೊಂಬಿನ ಒಂದು ಕರಿ ಜಿಂಕೆ. ಕಂದು ಜಿಂಕೆಗಳು ಆಕೆಯನ್ನೇ ನೋಡುತ್ತಿವೆ. ಕರಿ ಜಿಂಕೆಯ ಮುಖ ಚಿತ್ರದ ಅಂಚಿನ ಕಡೆ, ಹೊರಟು ನಿಂತ ಹಾಗೆ. ಆದರೆ ಅದರ ಒಂದು ಕಿವಿ ಹಿಂದಕ್ಕೆ, ವೀಣೆಯ ಕಡೆಗೆ ತಿರುಗಿದೆ. ಆ ಕಿವಿಯನ್ನು ಚಿತ್ರಕಾರ ಕೂದಲೆಳೆಯಷ್ಟು ತೆಳುವಾದ ಒಂದೇ ಗೆರೆಯಲ್ಲಿ ಬರೆದಿದ್ದಾನೆ. ಅಷ್ಟು ತಿಂಗಳು ಆ ಕೋಣೆಗೆ ಹೋಗಿ ಬಂದಿದ್ದ ನಾನು ಅದನ್ನು ನೋಡಿರಲಿಲ್ಲ.

ಹತ್ತಿರ ಹೋಗಿದ್ದವರಲ್ಲಿ ಒಬ್ಬರು ರೈತರು. ‘ಇದು ಚಿಗರಿ ರೀ’ ಅಂದರು. ಕೃಷ್ಣಮೃಗಕ್ಕೆ ಆ ಕಡೆ ಅದೇ ಹೆಸರು. ‘ಕರೇದು ಗಂಡು. ನಮ್ಮ ಹೊಲಕ್ಕೂ ಬರ್ತಾವು. ಇದು ಓಡೋಕೆ ನಿಂತದ, ಓಡೋಕೆ ಮನಸ್ಸಿಲ್ಲ.’ ಹೊಲ ಕಾಯುವ ಹುಡುಗಿಯರು ಹಾಡಿದರೆ ಜಿಂಕೆಗಳು ಬೆಳೆ ತಿನ್ನೋದು ಬಿಟ್ಟು ಕೇಳುತ್ತ ನಿಲ್ಲುತ್ತಿದ್ದವು, ತೋಡಿ ಹುಟ್ಟಿದ್ದು ಹಾಗೆ ಅಂತ ಒಂದು ಮಾತು ಸಂಗೀತದವರಲ್ಲಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅವತ್ತೇ ಕ್ರಮ ಬದಲಾಯಿತು. ಮೊದಲು ಒಂದು ನಿಮಿಷ ಸುಮ್ನೆ ನೋಡೋದು. ಆಮೇಲೆ ತಾಳ ಇಲ್ಲದ ಆಲಾಪ, ಮೂರು ನಿಮಿಷ ಮೀರದಂತೆ. ಆಮೇಲೆ ತಂಬೂರಿಯನ್ನೂ ನಿಲ್ಲಿಸಿ ಎರಡು ನಿಮಿಷ ಮೌನ, ಬೇಕಾದವರು ಎದ್ದು ಹತ್ತಿರ ಹೋಗಬಹುದು. ಮತ್ತೆ ಆಲಾಪ. ಗಾಯಕಿಗೆ ಇದು ಕಷ್ಟದ ಮಾತು. ರಾಗ ಬೆಳೆಯುತ್ತಿರುವಾಗ ನಿಲ್ಲಿಸು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ‘ಒಂದು ತಿಂಗಳು ಮಾಡಿ ನೋಡ್ತೀನಿ’ ಅಂದರು. ತಿಂಗಳ ಕೊನೆಗೆ ಅವರೇ ಮೌನದ ಹೊತ್ತನ್ನು ಸ್ವಲ್ಪ ಉದ್ದ ಮಾಡಿಕೊಂಡಿದ್ದರು.

ಸಣ್ಣದಾದರೂ ಮುಖ್ಯವಾದ ಇನ್ನೊಂದು ಸಂಗತಿ: ಫ್ಯಾನ್. ಹಳೆಯ ಸೀಲಿಂಗ್ ಫ್ಯಾನಿನ ಗೊರಗೊರ ತಂಬೂರಿಯ ನಾದವನ್ನು ಪೂರ್ತಿ ನುಂಗುತ್ತಿತ್ತು. ಆರಿಸಿದರೆ ಸೆಕೆ. ಕೊನೆಗೆ ಕೂರುವವರ ಸಂಖ್ಯೆಯನ್ನೇ ಹನ್ನೆರಡಕ್ಕೆ ಇಳಿಸಿ, ಫ್ಯಾನ್ ಆರಿಸಿ, ಎರಡು ಸರದಿ ಮಾಡಿದೆವು. ಸ್ಪೀಕರ್, ಮೈಕು ಯಾವುದೂ ಇಲ್ಲ.

ಯಾವ ತೋಡಿ?

ಐದನೇ ವಾರ ಇರಬೇಕು. ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಕರ್ನಾಟಕ ಸಂಗೀತ ಕೇಳುತ್ತ ಬೆಳೆದವರು, ವೀಣೆ ನುಡಿಸುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಎದ್ದು ನಿಂತು ಗಾಯಕಿಗೆ ಹೇಳಿದರು: ‘ಚೆನ್ನಾಗಿ ಹಾಡಿದ್ರಿ ಅಮ್ಮ. ಆದ್ರೆ ಇದು ತೋಡಿ ಅಲ್ಲ. ಶುಭಪಂತುವರಾಳಿ.’

ಗಾಯಕಿ ನಕ್ಕರು. ‘ನಿಮ್ಮ ತೋಡಿ ಹಾಡಿ ಮೇಷ್ಟ್ರೇ’ ಅಂದರು. ಅವರು ನಾಲ್ಕು ಸಾಲು ಗುನುಗಿದರು. ‘ಇದರ ಸ್ವರ ನಮ್ಮ ಭೈರವಿಯದ್ದು’ ಅಂದರು ಗಾಯಕಿ.

ಇಬ್ಬರೂ ಹೇಳಿದ್ದು ಸರಿ. ಕರ್ನಾಟಕ ಸಂಗೀತದ ತೋಡಿ, ಅಂದರೆ ಹನುಮತೋಡಿ, 8ನೇ ಮೇಳ. ಮೇಳ ಅಂದರೆ ರಾಗಗಳಿಗೆ ಮೂಲವಾದ ಸ್ವರಗಳ ಜೋಡಣೆ, ಹಿಂದೂಸ್ತಾನಿಯಲ್ಲಿ ಅಂಥದ್ದಕ್ಕೆ ಥಾಟ್ ಅನ್ನುತ್ತಾರೆ. ಅದರ ಏಳು ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟಿನ ಸ್ವರಗಳೇ. ಹಿಂದೂಸ್ತಾನಿ ತೋಡಿಯಲ್ಲಿ ಮಧ್ಯಮ ತೀವ್ರ, ನಿಷಾದ ಶುದ್ಧ. ಆ ಸ್ವರಗಳು ಕರ್ನಾಟಕ ಪದ್ಧತಿಯ 45ನೇ ಮೇಳ ಶುಭಪಂತುವರಾಳಿಯವು. ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಲ್ಲ, ಗಮಕ (ಸ್ವರ ತೂಗಿಸುವ ರೀತಿ) ಬೇರೆ, ನಡೆ ಬೇರೆ. ಆದರೂ ಹೆಸರಿನ ಗೋಜಲು ನಿಜ. ಇನ್ನೂ ಗೋಜಲು ಅಂದರೆ ಪಕ್ಕದ ಗೋಡೆಯಲ್ಲೇ ಭೈರವಿ ರಾಗಿಣಿಯ ಚಿತ್ರ ಇತ್ತು, ಕೊಳದ ದಡದ ಗುಡಿಯಲ್ಲಿ ಶಿವಲಿಂಗ ಪೂಜಿಸುವ ಹೆಂಗಸು. ಮೇಷ್ಟ್ರ ತೋಡಿಯ ಸ್ವರಗಳು ಆ ಚಿತ್ರಕ್ಕೆ ಹೋಗಬೇಕೋ, ಈ ಚಿತ್ರಕ್ಕೆ ಬರಬೇಕೋ?

ಮುಂದಿನ ಸಭೆ ಬಿಸಿಯಾಗಿಯೇ ನಡೆಯಿತು. ನಮ್ಮದು ಎರಡೂ ಸಂಗೀತ ಕೇಳುವ ಊರು. ಒಬ್ಬರು ಹೇಳಿದರು, ಬರೀ ತಂಬೂರಿ ನುಡಿಸಿ, ಜಗಳ ಬೇಡ. ಇನ್ನೊಬ್ಬರು, ಚಿತ್ರ ದಖ್ಖನಿ ಕೈಯದ್ದು, ಹಿಂದೂಸ್ತಾನಿಯೇ ಸರಿ. ಮತ್ತೊಬ್ಬರು, ಮ್ಯೂಸಿಯಂ ಇರೋದು ಕರ್ನಾಟಕದಲ್ಲಿ. ಈ ವಾದಗಳಿಗೆಲ್ಲ ಒಂದು ತೊಡಕಿತ್ತು. ರಾಗಗಳ ಸ್ವರೂಪ ಕಾಲದಿಂದ ಕಾಲಕ್ಕೆ ಬದಲಾಗಿದೆ. ಚಿತ್ರ ಬರೆದವನ ಕಿವಿಯಲ್ಲಿದ್ದ ತೋಡಿಯನ್ನು ಇವತ್ತು ಯಾರೂ ಹಾಡಿ ತೋರಿಸೋಕೆ ಆಗಲ್ಲ. ಅವನು ಶ್ಲೋಕ ಹಿಡಿದು ಬರೆದವನು. ರಾಗ ಕೇಳಿಯೇ ಬರೆದ ಅನ್ನೋಕೂ ಆಧಾರ ಇಲ್ಲ. ಅಂದಮೇಲೆ ‘ಈ ಚಿತ್ರದ ಸಂಗೀತ ಇದೇ’ ಅಂತ ಹೇಳುವುದು ನೋಡುವವರಿಗೆ ಸುಳ್ಳು ಹೇಳಿದ ಹಾಗೆ. ಐದು ವಾರ ನಾವು ಹೆಚ್ಚು ಕಡಿಮೆ ಅದನ್ನೇ ಹೇಳಿದ್ದೆವು. ಅದನ್ನು ತಿದ್ದಲೇಬೇಕು ಅಂತ ನಾನು ಹಟ ಹಿಡಿದೆ.

ಕ್ಯುರೇಟರ್ ಮೇಡಂ ಒಂದು ರಾತ್ರಿ ಯೋಚಿಸಿ, ಎರಡೂ ತೋಡಿ ಇರಲಿ ಅಂದರು. ಒಂದು ಶನಿವಾರ ಒಂದು ಅಂತ ಅಲ್ಲ. ಒಂದೇ ಬೆಳಿಗ್ಗೆ, ಒಂದೇ ಚಿತ್ರದ ಮುಂದೆ, ನಡುವೆ ಮೌನ ಇಟ್ಟು.

ಗಾಯಕಿ ಮೊದಲು ಒಪ್ಪಲಿಲ್ಲ. ‘ಜನ ಹೋಲಿಸಿ ಮಾರ್ಕ್ಸ್ ಕೊಡ್ತಾರೆ ಮೇಡಂ’ ಅಂದರು. ಅವರ ಅಳುಕು ಸರಿಯಾಗಿತ್ತು. ಅದಕ್ಕೇ ನಾವು ಕೇಳುವ ಪ್ರಶ್ನೆಯನ್ನು ಬದಲಾಯಿಸಿದೆವು. ಯಾವುದು ಇಷ್ಟವಾಯಿತು ಅಂತ ಯಾರನ್ನೂ ಕೇಳಬಾರದು. ‘ಕಣ್ಣು ಎಲ್ಲಿಗೆ ಹೋಯಿತು?’ ಅಂತ ಮಾತ್ರ ಕೇಳೋದು. ಮೇಷ್ಟ್ರನ್ನೇ ವೀಣೆ ತರೋಕೆ ಕೇಳಿಕೊಂಡೆವು. ತಕರಾರು ಎತ್ತಿದವರನ್ನು ಒಳಗೆ ಕರೆದುಕೊಂಡದ್ದು ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಅವರಿಗೂ ಸಂಭಾವನೆ ಗೊತ್ತು ಮಾಡಿದೆವು. ತೆಗೆದುಕೊಳ್ಳೋಕೆ ಸಂಕೋಚಪಟ್ಟರು. ಗಾಯಕಿಯೇ ಒಪ್ಪಿಸಿದರು.

ಆ ಬೆಳಿಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಯಕಿಯ ತೋಡಿಯಲ್ಲಿ ಕೋಮಲ ಗಾಂಧಾರ ನಿಧಾನವಾಗಿ ಇಳಿದು ಋಷಭದ ಹತ್ತಿರ ನಿಲ್ಲುತ್ತಿತ್ತು. ಮೌನದಲ್ಲಿ ಕೇಳಿದಾಗ ಹಲವರು ಆ ಹೆಂಗಸಿನ ಮುಖ ಅಂದರು, ಬಗ್ಗಿದ ಕಣ್ಣು ಅಂದರು, ಮೇಲಿನ ಖಾಲಿ ಆಕಾಶ ಅಂದರು. ಮೇಷ್ಟ್ರ ವೀಣೆಯಲ್ಲಿ ಅದೇ ಗಾಂಧಾರ ತೂಗಾಡುತ್ತಿತ್ತು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಆಮೇಲೆ ಕೇಳಿದಾಗ ಜಿಂಕೆಯ ಕಾಲು ಅಂದವರಿದ್ದರು, ಹುಲ್ಲು ಅಂದವರಿದ್ದರು. ಕಾಲೇಜಿನ ಹುಡುಗಿಯೊಬ್ಬಳು ‘ಮೊದಲನೇ ಸಲ ಅವಳು ಒಬ್ಬಳೇ ಇದ್ಳು. ಎರಡನೇ ಸಲ ಜಿಂಕೆಗಳೂ ಇದ್ವು’ ಅಂದಳು. ಎಲ್ಲರೂ ಹೀಗೇ ಹೇಳಲಿಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ ಅಂದವರೂ ಇದ್ದರು, ಅವರ ಮಾತನ್ನೂ ಬರೆದುಕೊಂಡೆವು.

ಚಿತ್ರದ ಪಕ್ಕದ ಬೋರ್ಡ್ ಕೂಡ ಬದಲಾಯಿತು. ಈಗ ಅದರಲ್ಲಿ ಮೂರೇ ವಾಕ್ಯ. ಚಿತ್ರದ ಹೆಸರು ತೋಡಿ. ಇವತ್ತು ಈ ಹೆಸರಿನಲ್ಲಿ ಎರಡು ರಾಗಗಳಿವೆ. ಈ ಚಿತ್ರ ಬರೆದ ಕಾಲದ ತೋಡಿ ಇವೆರಡರಂತೆಯೂ ಇರದೇ ಇರಬಹುದು.

ಏನಾಯಿತು, ಏನಾಗಲಿಲ್ಲ

ಫಲ ಹೇಗೆ ಅಳೆದಿರಿ ಅಂತ ಕೇಳುತ್ತಾರೆ. ಮೊದಲು ನಾವು ಹೊರಡುವವರನ್ನು ‘ಹೇಗಿತ್ತು?’ ಅಂತ ಕೇಳುತ್ತಿದ್ದೆವು. ಎಲ್ಲರೂ ‘ಚೆನ್ನಾಗಿತ್ತು’ ಅನ್ನುತ್ತಿದ್ದರು. ಮನೆಗೆ ಬಂದ ಅತಿಥಿ ಉಪ್ಪಿಟ್ಟಿನ ಬಗ್ಗೆ ಇನ್ನೇನು ಹೇಳುತ್ತಾರೆ? ಆಮೇಲೆ ‘ಚಿತ್ರದಲ್ಲಿ ಏನು ನೋಡಿದಿರಿ?’ ಅಂತ ಕೇಳಿ, ಬಂದ ಮಾತನ್ನು ಹಾಗೇ ಲಾಂಗ್ ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದೆವು. ಬರೆಯುವವರು ಅಟೆಂಡರ್. ತಿಂಗಳುಗಳ ಪುಟ ತಿರುಗಿಸಿದಾಗ ನಮಗೆ ಕಂಡದ್ದು ಹೀಗೆ: ಸಂಗೀತ ಇಲ್ಲದ ದಿನಗಳಲ್ಲಿ ಜನ ಹೆಸರುಗಳನ್ನು ಹೇಳುತ್ತಿದ್ದರು. ಹೆಂಗಸು, ವೀಣೆ, ಜಿಂಕೆ, ಮರ. ಶನಿವಾರಗಳ ಪುಟಗಳಲ್ಲಿ ಕ್ರಿಯಾಪದಗಳು ಬರುತ್ತಿದ್ದವು. ತಿರುಗಿದೆ, ಕಾಯ್ತಿದಾಳೆ, ಹೊರಟಿದೆ, ನಿಂತುಬಿಟ್ಟಿದೆ. ಅಂಕಿ ಸಂಖ್ಯೆ ನನ್ನ ಹತ್ತಿರ ಇಲ್ಲ. ಈ ಬದಲಾವಣೆಯನ್ನು ಮಾತ್ರ ನಾನು ನಂಬುತ್ತೇನೆ, ಯಾಕೆಂದರೆ ಯಾರಿಗೂ ಹಾಗೆ ಹೇಳಿ ಅಂತ ಹೇಳಿಕೊಟ್ಟಿರಲಿಲ್ಲ.

ಸೋತದ್ದೂ ಇದೆ. ಮಳೆಗಾಲದಲ್ಲಿ ಮೇಘ ರಾಗದ ಚಿತ್ರಕ್ಕೆ ಹೋದೆವು. ಕಪ್ಪು ಮೋಡ, ಅದರ ಕೆಳಗೆ ಬಿಳಿ ಕೊಕ್ಕರೆಗಳ ಸಾಲು, ನಡುವೆ ಕುಣಿಯುವ ನೀಲಿ ಮೈಯವನು, ಮದ್ದಳೆ ಬಾರಿಸುವ ಹೆಂಗಸರು. ಚಿತ್ರದಲ್ಲೇ ತಾಳ ಇದೆ ಅಂತ ನಾವು ತಬಲಾ ಸೇರಿಸಿ ಮಳೆಗಾಲದ ರಾಗ ಮಲ್ಹಾರದ ದ್ರುತ್ ಚೀಜ್, ಅಂದರೆ ಬೇಗದ ಲಯದ ಹಾಡು, ಹಾಡಿಸಿದೆವು. ಹೊರಗೆ ನಿಜವಾಗಿಯೂ ಮಳೆ. ಚಪ್ಪಾಳೆ ಬಿತ್ತು. ಲಾಂಗ್ ಬುಕ್ಕಿನಲ್ಲಿ ಅವತ್ತು ಬಂದದ್ದು ಮಳೆಯ ಮಾತು, ಊರಿನ ಕೆರೆಯ ಮಾತು, ಗಾಯಕಿಯ ಮಾತು. ಕೊಕ್ಕರೆಯ ಹೆಸರು ಒಬ್ಬರೂ ಎತ್ತಿರಲಿಲ್ಲ. ಕಚೇರಿಯಾಗಿ ಅದು ಗೆದ್ದಿತು. ನಾವು ಮಾಡಹೊರಟದ್ದು ಕಚೇರಿ ಅಲ್ಲ. ಎರಡನೇ ಸಲ ಮಾಡಲಿಲ್ಲ.

ಕಕುಭ ರಾಗಿಣಿಯ ಚಿತ್ರ ಬಂದಾಗ ಗಾಯಕಿ ‘ನನಗೆ ಇದು ಪಾಠ ಆಗಿಲ್ಲ, ಹಾಡಲ್ಲ’ ಅಂತ ನೇರವಾಗಿ ಹೇಳಿದರು. ಹತ್ತಿರದ ಇನ್ನೊಂದು ರಾಗ ಹಾಡಿ ಅಂತ ಕೇಳೋ ಆಸೆ ಸಮಿತಿಗಿತ್ತು. ಬೇಡ ಅಂದೆವು. ಎರಡು ಕೈಯಲ್ಲಿ ಹೂಮಾಲೆ ಹಿಡಿದು ನವಿಲುಗಳ ನಡುವೆ ನಿಂತ ಆ ಹೆಂಗಸಿನ ಚಿತ್ರ ಮೌನವಾಗಿಯೇ ಉಳಿಯಿತು. ಆದರೆ ತೋಡಿ ಮುಗಿಸಿ ಹೊರಡುವವರಲ್ಲಿ ಕೆಲವರು ಅದರ ಮುಂದೆ ನಿಲ್ಲುತ್ತಾರೆ, ಅಲ್ಲಿ ಯಾರೂ ಹಾಡದಿದ್ದರೂ. ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ ಇದು.

ಧ್ವನಿಮುದ್ರಣ ಮಾಡಿಕೊಂಡು ದಿನಾ ಹಾಕಿದರೆ ಖರ್ಚು ಉಳಿಯುತ್ತದಲ್ಲ ಅನ್ನೋ ಪ್ರಶ್ನೆ ಪ್ರತಿ ಬಜೆಟ್ಟಿಗೂ ಬರುತ್ತೆ. ಇದನ್ನು ಓದುವ ಮ್ಯೂಸಿಯಂಗಳಿಗೆ ಒಂದು ಎಚ್ಚರಿಕೆ: ಅಂತರ್ಜಾಲದಿಂದ ಸಿಕ್ಕಿದ ಹಾಡನ್ನು ಹಾಗೇ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತೆ, ಹಾಡಿದವರ ಹಕ್ಕು ಬೇರೆ. ನಾವು ಇಬ್ಬರು ಕಲಾವಿದರಿಂದಲೂ ಲಿಖಿತ ಒಪ್ಪಿಗೆ ಪಡೆದು, ಬೇರೆಯಾಗಿ ಹಣ ಕೊಟ್ಟು, ಚಿಕ್ಕ ಆಲಾಪಗಳನ್ನು ಮುದ್ರಿಸಿಕೊಂಡಿದ್ದೇವೆ. ವಾರದ ನಡುವೆ ಶಾಲೆಗಳು ಬಂದಾಗ ಮಾತ್ರ, ಅದೇ ಕ್ರಮದಲ್ಲಿ, ನಡುನಡುವೆ ಮೌನ ಇಟ್ಟು ಹಾಕುತ್ತೇವೆ. ಶನಿವಾರದಷ್ಟು ಅದು ತಾಗುವುದಿಲ್ಲ. ಎದುರಿಗೆ ಹಾಡುವವರು ಹಾಡು ನಿಲ್ಲಿಸಿ ತಾವೂ ಚಿತ್ರದ ಕಡೆ ತಿರುಗಿದಾಗ, ಕೇಳುತ್ತ ಕೂತವರೆಲ್ಲ ತಿರುಗುತ್ತಾರೆ. ಸ್ಪೀಕರ್ ತಿರುಗುವುದಿಲ್ಲ.

ಇತ್ತೀಚೆಗೆ

ಕಿವಿ ಕೇಳದ ಮಕ್ಕಳ ಶಾಲೆಯೊಂದರ ಟೀಚರ್ ಫೋನ್ ಮಾಡಿ ಶನಿವಾರ ಬರಬಹುದಾ ಅಂತ ಕೇಳಿದರು. ಬೇರೆ ದಿನ ಬಂದರೆ ಒಳ್ಳೆಯದೇನೋ ಅಂತ ನನ್ನ ಬಾಯಿಗೆ ಬಂದಿತ್ತು. ಗಾಯಕಿ ‘ಬರಲಿ’ ಅಂದರು. ಅವತ್ತು ಅವರು ಹಾಡಲಿಲ್ಲ. ತಂಬೂರಿಯನ್ನು ನೆಲದ ಮೇಲೆ ಮಲಗಿಸಿ ಮೀಟುತ್ತ ಹೋದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಬುರುಡೆಯ ಮೇಲೆ ಅಂಗೈ ಇಟ್ಟರು. ಕೆಲವರು ಕೈ ಥಟ್ಟನೆ ಎಳೆದುಕೊಂಡರು. ಮತ್ತೆ ಇಟ್ಟರು. ಆಮೇಲೆ ತಂಬೂರಿ ನಿಲ್ಲಿಸಿ, ಎಂದಿನಂತೆ ಚಿತ್ರದ ಹತ್ತಿರ ಹೋಗೋಕೆ ಬಿಟ್ಟೆವು.

ಹತ್ತು ವರ್ಷದ ಒಬ್ಬ ಹುಡುಗ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತ. ತುಂಬ ಹೊತ್ತು ನಿಂತ. ಆಮೇಲೆ ಚಿತ್ರದ ಹೆಂಗಸಿನ ಎಡ ಹೆಗಲ ಮೇಲಿನ ಬುರುಡೆ ತೋರಿಸಿ, ತನ್ನ ಹೆಗಲು ಮುಟ್ಟಿಕೊಂಡು, ಬೆರಳುಗಳನ್ನು ಬೇಗ ಬೇಗ ಆಡಿಸಿದ. ಅಟೆಂಡರ್ ಲಾಂಗ್ ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏನು ಬರೆಯಬೇಕು ಅಂತ ಟೀಚರ್ ಮುಖ ನೋಡಿದರು. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡರು: ‘ಆಕೆಗೆ ಹೆಗಲಲ್ಲಿ ಕೇಳಿಸ್ತಿದೆ.’